ಮಾರಿಯೊನನ್ನು ಎಷ್ಟು ಸಲ ಕೊಳ್ಳಬೇಕು?

1985ರ ಸೆಪ್ಟೆಂಬರ್ 13ರಂದು ಜಪಾನಿನಲ್ಲಿ ಬಿಡುಗಡೆಯಾದ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದ ಒಟ್ಟು ಗಾತ್ರ 40 ಕಿಲೊಬೈಟ್. ಬೆಳಗಾದರೆ ವಾಟ್ಸ್‌ಆ್ಯಪಿಗೆ ಬಂದು ಬೀಳುವ ‘ಶುಭೋದಯ’ದ ಚಿತ್ರವೇ ಇದಕ್ಕಿಂತ ದೊಡ್ಡದಿರುತ್ತದೆ. ಇಷ್ಟನ್ನೇ ನಿಂಟೆಂಡೊ ಕಂಪನಿ ನಲವತ್ತು ವರ್ಷಗಳಿಂದ ಮಾರುತ್ತ ಬಂದಿದೆ. 1993ರಲ್ಲಿ ಸೂಪರ್ ನಿಂಟೆಂಡೊ ಯಂತ್ರಕ್ಕೆ, 1999ರಲ್ಲಿ ಗೇಮ್ ಬಾಯ್ ಕಲರ್‌ಗೆ, 2004ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ, 2006ರಲ್ಲಿ ವೀ ಯಂತ್ರಕ್ಕೆ, 2016ರಲ್ಲಿ ಅಂಗೈ ಅಗಲದ ಎನ್ಇಎಸ್ ಕ್ಲಾಸಿಕ್ ಪೆಟ್ಟಿಗೆಯಲ್ಲಿ, 2018ರಲ್ಲಿ ಸ್ವಿಚ್ ಯಂತ್ರದ ಚಂದಾ ಸೇವೆಯಲ್ಲಿ, 2020ರಲ್ಲಿ ಗಡಿಯಾರವೂ ಆಗುವ ಒಂದು ಪುಟ್ಟ ಆಟಿಕೆಯಲ್ಲಿ. ಅದೇ ಕೊಳವೆ, ಅದೇ ಅಣಬೆ, ಅದೇ ಆಮೆ. ನಡುವೆ ಬಂದ ಇನ್ನೂ ಒಂದೆರಡು ಅವತಾರಗಳನ್ನು ನಾನು ಬಿಟ್ಟಿದ್ದೇನೆ.

ಈ ಯಾವ ಮಾರಾಟವೂ ಯಾದಗಿರಿ, ಶಹಾಪುರ, ಸುರಪುರದ ಕಡೆ ತಿರುಗಿ ನೋಡಲಿಲ್ಲ. 2017ರಲ್ಲಿ ಬಂದ ಸ್ವಿಚ್ ಅಂತೂ ಭಾರತದಲ್ಲೇ ಅಧಿಕೃತವಾಗಿ ಬಿಡುಗಡೆಯಾಗಲಿಲ್ಲ. ಬೇಕಾದವರು ಹೊರದೇಶದಿಂದ ತರಿಸಿ ಮಾರುವವರನ್ನು ಹುಡುಕಿಕೊಂಡು ಹೋಗಬೇಕಾಯಿತು. ಆದರೂ ನಮ್ಮ ಕಡೆ ಮೂವತ್ತೈದು ದಾಟಿದವರನ್ನು ಮಾತಿಗೆಳೆಯಿರಿ: ಯಾವ ಇಟ್ಟಿಗೆಗೆ ತಲೆ ಹೊಡೆದರೆ ಅಣಬೆ ಬರುತ್ತದೆ, ಯಾವ ಕೊಳವೆಯೊಳಗೆ ಇಳಿದರೆ ನಾಣ್ಯದ ರಾಶಿ ಸಿಗುತ್ತದೆ ಅಂತ ಕಣ್ಣು ಮುಚ್ಚಿಕೊಂಡು ಹೇಳುವವರು ಸಿಗುತ್ತಾರೆ. ಹಳೆಯ ಆಟಗಳ ಮರುಬಿಡುಗಡೆ ಎಂಬುದು ಈಗ ದೊಡ್ಡ ವ್ಯಾಪಾರ. ಕಂಪನಿ ಮಾರದ ಊರುಗಳಿಂದ ಅದನ್ನು ನೋಡಿದರೆ ಅಮೆರಿಕದ, ಜಪಾನಿನ ವಿಮರ್ಶಕರು ಕೇಳದ ಕೆಲವು ಪ್ರಶ್ನೆಗಳು ಏಳುತ್ತವೆ.

ಮೊದಲು, ಆಟ ಇಲ್ಲಿಗೆ ಬಂದ ದಾರಿ. ನಿಂಟೆಂಡೊದ ಮೂಲ ಯಂತ್ರ ‘ಫ್ಯಾಮಿಕಾಮ್’ 1983ರ ಜುಲೈಯಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಅದರ ಚಿಪ್ಪುಗಳನ್ನು ತೈವಾನ್ ಮತ್ತು ಚೀನಾದ ಕಾರ್ಖಾನೆಗಳು ನಕಲು ಮಾಡಿದವು. ಮುಂದೆ ಇಡೀ ಯಂತ್ರವನ್ನೇ ಒಂದು ಚಿಪ್ಪಿನೊಳಗೆ ಅಡಗಿಸಿ ಅಗ್ಗದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿದವು. ರಷ್ಯದಲ್ಲಿ ಇಂಥದೊಂದು ಡಬ್ಬಿ 1992ರಿಂದ ‘ಡೆಂಡಿ’ ಎಂಬ ಹೆಸರಿನಲ್ಲಿ ಮನೆಮಾತಾಯಿತು. ಭಾರತದಲ್ಲಿ ಮಿತಾಶಿ, ಮೀಡಿಯಾ ಮೊದಲಾದ ಹೆಸರು ಹೊತ್ತು ಬಂತು. ನಮ್ಮವರು ಯಾವ ಹೆಸರನ್ನೂ ಲೆಕ್ಕಕ್ಕಿಡದೆ ‘ಟಿವಿ ಗೇಮ್’ ಅಂದರು. ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರವಾದ ಈ ಸೀಮೆಗೆ ಅದು ಬಂದದ್ದು ಹೆಚ್ಚಾಗಿ ಆ ಕಡೆಯಿಂದ, ಇಲ್ಲವೇ ಕಲಬುರಗಿಯ ಅಂಗಡಿಗಳಿಂದ. ಮನೆಗೆ ಕೊಳ್ಳಲಾಗದವರಿಗೆ ತಾಸಿನ ಲೆಕ್ಕದಲ್ಲಿ ಆಡಿಸುವ ಸಣ್ಣ ಅಂಗಡಿಗಳಿದ್ದವು. ಮಾರಿಯೊದಲ್ಲಿ ಆಟವನ್ನು ಅರ್ಧಕ್ಕೆ ಉಳಿಸಿಡುವ ಸೌಲಭ್ಯವಿಲ್ಲ. ಕರೆಂಟು ಹೋಯಿತೆಂದರೆ, ಅದು ಮರಳಿ ಬಂದ ಮೇಲೆ ಮೊದಲನೆಯ ಹಂತದಿಂದಲೇ ಶುರು. ನಮ್ಮ ಕಡೆಯ ಹುಡುಗರನ್ನು ಎಂಟನೆಯ ಲೋಕದ ರಾಜಕುಮಾರಿಯಿಂದ ದೂರ ಇಟ್ಟದ್ದು ಬೆಂಕಿಯುಗುಳುವ ಬೌಸರ್‌ಗಿಂತ ಹೆಚ್ಚಾಗಿ ಲೋಡ್‌ಶೆಡ್ಡಿಂಗು.

ಡಬ್ಬಿಯ ಜೊತೆ ಬರುತ್ತಿದ್ದ ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಎಂದು ಅಚ್ಚಾಗಿರುತ್ತಿತ್ತು. ತೆರೆದು ನೋಡಿದರೆ ನಿಜವಾದ ಆಟಗಳು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಅದೇ ಆಟ ಬೇರೆ ಹಂತದಿಂದ ಶುರುವಾಗುವುದು, ಬೇರೆ ಆಯುಧ ಕೊಟ್ಟು ಬಿಡುವುದು, ಬಣ್ಣ ತುಸು ಬದಲಿಸುವುದು. ನಗು ಬರುತ್ತದೆ, ಆದರೆ ಇದೂ ಒಂದು ಮರುಬಿಡುಗಡೆಯೇ. ಒಂದೇ ಆಟವನ್ನು ಹೊಸ ಹೆಸರಿಟ್ಟು ಎಣಿಕೆ ಹೆಚ್ಚಿಸುವ ವಿದ್ಯೆಯನ್ನು ದೊಡ್ಡ ಕಂಪನಿಗಳು ಕಲಿತದ್ದು ಇವರಿಂದಲೇ ಇರಬಹುದೇ ಎಂದು ಕೆಲವೊಮ್ಮೆ ಅನುಮಾನ ಬರುತ್ತದೆ.

‘ಕಾಂಟ್ರಾ’ವನ್ನೇ ನೋಡಿ. ಕೊನಾಮಿ ಕಂಪನಿಯ ಈ ಆಟ 1987ರಲ್ಲಿ ಆರ್ಕೇಡ್‌ಗಳಿಗೂ ಮರುವರ್ಷ ಮನೆಯ ಯಂತ್ರಗಳಿಗೂ ಬಂತು. ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಎಂದು ಗುಂಡಿ ಒತ್ತಿದರೆ ಮೂವತ್ತು ಜೀವ ಸಿಗುವ ಗುಟ್ಟು ಜಗತ್ತಿಗೇ ಗೊತ್ತು. ಅದನ್ನು ಮೊದಲು ‘ಗ್ರೇಡಿಯಸ್’ ಆಟಕ್ಕೆ 1986ರಲ್ಲಿ ಅಳವಡಿಸಿದವರು ಕಜುಹಿಸಾ ಹಶಿಮೊಟೊ. ಅವರು 2020ರಲ್ಲಿ ತೀರಿಕೊಂಡಾಗ ಸುದ್ದಿಮನೆಗಳು ಈ ಗುಂಡಿಗಳ ಸಾಲನ್ನೇ ಶ್ರದ್ಧಾಂಜಲಿಯಾಗಿ ಬರೆದವು. ನಮ್ಮ ಹುಡುಗರಿಗೆ ಮಾತ್ರ ಆ ಗುಟ್ಟಿನ ಹಂಗೇ ಬೀಳಲಿಲ್ಲ. ನಕಲಿ ಕ್ಯಾಸೆಟ್ಟಿನ ಪಟ್ಟಿಯಲ್ಲೇ ಮೂವತ್ತು ಜೀವದ ಕಾಂಟ್ರಾ ಬೇರೆ ಸಾಲಿನಲ್ಲಿ ಇರುತ್ತಿತ್ತು. 2019ರಲ್ಲಿ ಕೊನಾಮಿ ಹೊರತಂದ ‘ಕಾಂಟ್ರಾ ಆ್ಯನಿವರ್ಸರಿ ಕಲೆಕ್ಷನ್’ನಲ್ಲಿ ಜಪಾನಿನ ಆವೃತ್ತಿಗಳಿವೆ, ಯುರೋಪಿನಲ್ಲಿ ಮನುಷ್ಯರನ್ನು ತೆಗೆದು ರೋಬೋಟುಗಳನ್ನು ಹಾಕಿದ ಆವೃತ್ತಿಗಳೂ ಇವೆ. ಭಾರತ, ರಷ್ಯ, ಬ್ರೆಜಿಲ್‌ನ ಕೋಟಿಗಟ್ಟಲೆ ಮಕ್ಕಳು ನಿಜವಾಗಿ ಆಡಿದ ಆ ತಿರುಚಿದ ಕಾಂಟ್ರಾ ಇಲ್ಲ. ಇರಲು ಸಾಧ್ಯವೂ ಇಲ್ಲ, ಅದು ಕದ್ದ ಮಾಲು. ಆದರೆ ಆಟದ ಚರಿತ್ರೆ ಬರೆಯುವವರು ಕದ್ದ ಮಾಲನ್ನು ಬಿಟ್ಟರೆ ಅರ್ಧ ಜಗತ್ತಿನ ನೆನಪನ್ನೇ ಬಿಟ್ಟಂತೆ.

ಮರುಬಿಡುಗಡೆಗಳೆಲ್ಲ ಒಂದೇ ಜಾತಿಯವಲ್ಲ. ಸಿನಿಮಾ ನೋಡುವ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1995ರ ‘ಓಂ’ ಮತ್ತೆ ಮತ್ತೆ ಚಿತ್ರಮಂದಿರಕ್ಕೆ ಬಂದದ್ದು ಅದೇ ಚಿತ್ರವಾಗಿ. 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಂದದ್ದು ಬಣ್ಣ ತುಂಬಿಸಿಕೊಂಡು. ಮೂರನೆಯದು ರೀಮೇಕು, ಅದರ ಮಾತು ಬೇಡ. ಆಟಗಳಲ್ಲೂ ಮೂರೂ ಇವೆ. ಆದರೆ ಒಂದು ವ್ಯತ್ಯಾಸವಿದೆ. ಬಣ್ಣದ ಕಸ್ತೂರಿ ನಿವಾಸ ಬಂದ ಮೇಲೂ ಕಪ್ಪುಬಿಳುಪಿನದು ಟಿವಿಯಲ್ಲಿ ಸಿಗುತ್ತದೆ. ಆಟಗಳಲ್ಲಿ ಹೊಸದನ್ನು ಮಾರಲು ಹಳೆಯದನ್ನು ಅಂಗಡಿಯಿಂದಲೇ ಎತ್ತಿಬಿಡುವ ಚಾಳಿ ಬೆಳೆದಿದೆ.

ಅದೇ ಆಟವನ್ನು ಹಾಗೆಯೇ ತರುವುದು ಕೇಳಲು ಸುಲಭ. ಹಳೆಯ ಯಂತ್ರವನ್ನು ಹೊಸ ಯಂತ್ರದೊಳಗೆ ಅಣಕಿಸುವ ತಂತ್ರಾಂಶ, ಅಂದರೆ ಎಮ್ಯುಲೇಟರ್, ಇದಕ್ಕೆ ಬೇಕು. ಎಮ್ಯುಲೇಟರ್‌ಗಳನ್ನು ಹುಟ್ಟುಹಾಕಿ ಬೆಳೆಸಿದವರು ಬಹುಪಾಲು ಹವ್ಯಾಸಿಗಳು. ಅವುಗಳನ್ನು ತನ್ನ ಹಕ್ಕಿಗೆ ಬಂದ ದೊಡ್ಡ ಕುತ್ತು ಎಂದು ನಿಂಟೆಂಡೊ ತನ್ನ ಜಾಲತಾಣದಲ್ಲಿ ಬಹುಕಾಲ ಬರೆದುಕೊಂಡಿತ್ತು. ಆಮೇಲೆ ವೀ ಯಂತ್ರಕ್ಕೆ ಅದು ಮಾರಿದ ಮಾರಿಯೊ ಫೈಲನ್ನು ಬಿಚ್ಚಿ ನೋಡಿದವರಿಗೆ ಅದರ ತಲೆಯಲ್ಲಿ ‘ಐನೆಸ್’ ಎಂಬ ಹವ್ಯಾಸಿ ಎಮ್ಯುಲೇಟರಿನ ಗುರುತು ಕಂಡಿತು. ಕಂಪನಿ ತನ್ನ ಆಟವನ್ನೇ ಅಂತರ್ಜಾಲದಿಂದ ಇಳಿಸಿಕೊಂಡು ಮಾರಿತು ಎಂದು ಕೆಲವರು ನಕ್ಕರು. ಆ ಎಮ್ಯುಲೇಟರಿಗೆ ಕೈ ಜೋಡಿಸಿದ್ದ ಒಬ್ಬ ಎಂಜಿನಿಯರ್ ಮುಂದೆ ನಿಂಟೆಂಡೊ ಸೇರಿದ್ದರಿಂದ ಹಾಗಾಗಿರಬಹುದು ಎಂದು ಬೇರೆಯವರು ತೋರಿಸಿಕೊಟ್ಟರು. ಎರಡರಲ್ಲಿ ಯಾವುದಾದರೂ ಇರಲಿ, ಕಂಪನಿಯ ತಿಜೋರಿಗೆ ಹವ್ಯಾಸಿಗಳ ಕೈಯ ಗುರುತು ಅಂಟಿರುವುದಂತೂ ಖರೆ.

ಹಾಗೆಯೇ ತಂದರೂ ಆಟ ಹಾಗೆಯೇ ಇರುವುದಿಲ್ಲ. ಗೇಮ್ ಬಾಯ್ ಕಲರ್‌ನ ಪರದೆ ಚಿಕ್ಕದು. ಅಲ್ಲಿ ಮಾರಿಯೊ ಸುತ್ತಲಿನ ಜಗತ್ತು ಕತ್ತರಿಸಿಹೋಗಿ, ಮುಂದೆ ಇರುವ ಹಳ್ಳ ಹತ್ತಿರ ಬಂದ ಮೇಲೇ ಕಾಣುತ್ತದೆ. ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಚಿತ್ರವನ್ನು ಮೇಲಿನಿಂದ ಒತ್ತಿ ಕುಳ್ಳಾಗಿಸಿದರು. 1993ರ ಆವೃತ್ತಿ ಬಣ್ಣದಲ್ಲಿ ಎಲ್ಲಕ್ಕಿಂತ ಚೆಂದ. ಆದರೆ ಮೂಲದಲ್ಲಿ ಇಟ್ಟಿಗೆ ಒಡೆದ ಕೂಡಲೇ ಕೆಳಗೆ ಬೀಳುತ್ತಿದ್ದ ಮಾರಿಯೊ ಇದರಲ್ಲಿ ಒಡೆದ ಮೇಲೂ ಮೇಲಕ್ಕೆ ಏರುತ್ತಾನೆ. ನೋಡುವವರಿಗೆ ಇದು ಏನೂ ಅಲ್ಲ, ಆಡುವವನ ಹೆಬ್ಬೆರಳಿಗೆ ಮಾತ್ರ ಕೂಡಲೇ ತಿಳಿಯುತ್ತದೆ. ಇನ್ನು ಹಳೆಯ ಡೂಮ್ ಟಿವಿಯಲ್ಲಿ ಇರದಿದ್ದ ಕಣ್ಣೆವೆಯಷ್ಟು ಅಂತರ ಈಗಿನ ಚಪ್ಪಟೆ ಟಿವಿಯಲ್ಲಿ ಗುಂಡಿ ಒತ್ತಿದ್ದಕ್ಕೂ ಜಿಗಿದದ್ದಕ್ಕೂ ನಡುವೆ ಬೀಳುತ್ತದೆ. ಅಳೆದು ಅಳೆದು ಜಿಗಿಯಬೇಕಾದ ಆಟದಲ್ಲಿ ಅಷ್ಟೇ ಸಾಕು, ಹಳ್ಳಕ್ಕೆ ಬೀಳಲು.

ಕೆಟ್ಟ ಮರುಬಿಡುಗಡೆಗೆ ಉದಾಹರಣೆ ಬೇಕೆಂದರೆ ಜಿಟಿಎ. ‘ವೈಸ್ ಸಿಟಿ’, ‘ಸ್ಯಾನ್ ಆ್ಯಂಡ್ರಿಯಾಸ್’ ನಮ್ಮ ಊರುಗಳ ಸೈಬರ್ ಕೆಫೆ, ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಬೇರೂರಿದ ಆಟಗಳು. ಟೈಪಿಂಗ್ ಕಲಿಯಲು ಬಂದವರು ಬೇಗ ಕಲಿತದ್ದು ಟ್ಯಾಂಕ್ ತರಿಸುವ ಚೀಟ್ ಕೋಡನ್ನು. 2004ರಲ್ಲಿ ಸೋನಿಯ ಪಿಎಸ್2 ಯಂತ್ರಕ್ಕೆ ಬಂದ ಸ್ಯಾನ್ ಆ್ಯಂಡ್ರಿಯಾಸ್ 2013ರಲ್ಲಿ ಮೊಬೈಲಿಗೆ ಇಳಿಯಿತು. ಆ ಮೊಬೈಲ್ ಆವೃತ್ತಿಯನ್ನೇ ತಳಪಾಯ ಮಾಡಿಕೊಂಡು 2021ರ ನವೆಂಬರಿನಲ್ಲಿ ಇವೆರಡೂ ಸೇರಿ ಮೂರು ಜಿಟಿಎ ಆಟಗಳ ‘ಡೆಫಿನಿಟಿವ್ ಎಡಿಷನ್’ ಬಂತು. ಮಳೆ ಬಿಳಿ ಗೆರೆಗಳಾಗಿ ಕಣ್ಣಿಗೆ ಕುಕ್ಕಿತು. ಯಂತ್ರದಿಂದ ತಿದ್ದಿಸಿದ ಅಂಗಡಿ ಬೋರ್ಡುಗಳಲ್ಲಿ ಅಕ್ಷರದೋಷ ತುಂಬಿದವು. ಮೂಲದಲ್ಲಿ ದೂರವನ್ನು ಮುಚ್ಚುತ್ತಿದ್ದ ಮಂಜು ಹೋಗಿ, ದೊಡ್ಡ ರಾಜ್ಯದಂತೆ ತೋರುತ್ತಿದ್ದ ನಕ್ಷೆ ಬೆಟ್ಟದ ಮೇಲೆ ನಿಂತರೆ ಒಂದು ತಾಲ್ಲೂಕಿನಷ್ಟೂ ಇಲ್ಲ ಎಂದು ಬಯಲಾಯಿತು. ಯಂತ್ರದ ಶಕ್ತಿ ಸಾಲದೆ ಹಾಕಿದ ಮಂಜು ಅದು, ಆದರೆ ಆಟದ ವಿಸ್ತಾರವೆಲ್ಲ ಅದರಲ್ಲೇ ಇತ್ತು. ಹೊಸ ಮಾಲು ಬರುವ ಮುನ್ನ ಹಳೆಯ ಮೂರೂ ಆಟಗಳನ್ನು ಡಿಜಿಟಲ್ ಅಂಗಡಿಗಳಿಂದ ತೆಗೆದುಹಾಕಿದ್ದರು. ಗದ್ದಲ ಎದ್ದ ಮೇಲೆ ಜಿಟಿಎ ಮಾಡುವ ರಾಕ್‌ಸ್ಟಾರ್ ಕಂಪನಿ ಕ್ಷಮೆ ಕೇಳಿ, ಪಿಸಿಯ ಹಳೆಯ ಆವೃತ್ತಿಗಳನ್ನು ತನ್ನ ಅಂಗಡಿಗೆ ಮರಳಿ ತಂದಿತು. ಬೆಳಕು, ಬಣ್ಣ ಒಂದು ಹದಕ್ಕೆ ಬಂದದ್ದು 2024ರ ತಿದ್ದುಪಡಿಯಲ್ಲಿ. ಹಾಡುಗಳ ಕಥೆ ಬೇರೆ: ಪರವಾನಗಿ ಮುಗಿದದ್ದರಿಂದ ಕಾರಿನ ರೇಡಿಯೊದ ಎಷ್ಟೋ ಹಾಡುಗಳು, ಮೊದಲೇ ಹಣ ಕೊಟ್ಟು ಕೊಂಡವರ ಪ್ರತಿಗಳಿಂದಲೂ, ಒಂದು ಅಪ್‌ಡೇಟಿನಲ್ಲಿ ಮಾಯವಾದವು.

ನಾವು ಕೊಳ್ಳುವುದು ಆಟವನ್ನೋ, ಆಡುವ ಅನುಮತಿಯನ್ನೋ? ಕಂಪನಿಗಳ ಉತ್ತರ ಸ್ಪಷ್ಟವಾಗಿದೆ. ವೀ ಯಂತ್ರದ ಅಂಗಡಿ 2019ರ ಜನವರಿ 30ಕ್ಕೆ ಮುಚ್ಚಿತು. 3ಡಿಎಸ್ ಮತ್ತು ವೀ ಯು ಯಂತ್ರಗಳ ಅಂಗಡಿಯಲ್ಲಿ 2023ರ ಮಾರ್ಚ್ 27ಕ್ಕೆ ಮಾರಾಟ ನಿಂತಿತು. ನೂರಾರು ಹಳೆಯ ಆಟಗಳನ್ನು ದುಡ್ಡು ಕೊಟ್ಟು ಕೊಳ್ಳುವ ದಾರಿಯೂ ಅಲ್ಲಿಗೆ ಮುಗಿಯಿತು. ಸ್ವಿಚ್‌ನಲ್ಲಿ ಅವುಗಳಲ್ಲಿ ಕೆಲವು ಚಂದಾ ಸೇವೆಯಾಗಿ ಸಿಗುತ್ತವೆ. ಚಂದಾ ನಿಂತರೆ ಆಟವೂ ನಿಂತಿತು. ಮೂವತ್ತೈದು ಜನ ಏಕಕಾಲಕ್ಕೆ ಪೈಪೋಟಿಯಲ್ಲಿ ಆಡುವ ‘ಸೂಪರ್ ಮಾರಿಯೊ ಬ್ರದರ್ಸ್ 35’ ಅನ್ನು 2020ರಲ್ಲಿ ಕೊಟ್ಟು 2021ರ ಮಾರ್ಚ್ 31ಕ್ಕೆ ಕಿತ್ತುಕೊಂಡರು. ಆರು ತಿಂಗಳ ಆಯುಸ್ಸು! ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳಲ್ಲಿ ನೂರಕ್ಕೆ 87 ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಕಾನೂನುಬದ್ಧ ಮಾರುಕಟ್ಟೆ ಇಷ್ಟು ಗಟ್ಟಿಯಾಗಿರುವ ದೇಶದ ಲೆಕ್ಕವಿದು.

ಎಷ್ಟೋ ಸಲ ಕಂಪನಿಗಳ ಬಳಿಯೇ ಮೂಲ ಉಳಿದಿರುವುದಿಲ್ಲ. ‘ಕಿಂಗ್‌ಡಮ್ ಹಾರ್ಟ್ಸ್’ನ ಮೊದಲ ಆಟವನ್ನು ಹೊಸ ಯಂತ್ರಕ್ಕೆ ತರುವಾಗ ಅದರ ಮೂಲ ಸಾಮಗ್ರಿ ಕಳೆದುಹೋಗಿತ್ತು, ಹಳೆಯ ಪ್ರತಿಯಿಂದ ಬಗೆದು ತೆಗೆದು ಮತ್ತೆ ಕಟ್ಟಬೇಕಾಯಿತು. 2012ರಲ್ಲಿ ಬಂದ ‘ಸೈಲೆಂಟ್ ಹಿಲ್’ ಸಂಗ್ರಹ ಹಾಳಾದದ್ದು ಇದೇ ಕಾರಣಕ್ಕೆ: ಕೆಲಸ ಮಾಡಿದವರಿಗೆ ಸಿಕ್ಕ ಕೋಡು ಅಂತಿಮ ಆವೃತ್ತಿಯದ್ದಾಗಿರಲಿಲ್ಲ. ಕೋಟಿಗಟ್ಟಲೆ ಗಳಿಸಿಕೊಟ್ಟ ಆಟವನ್ನು ಒಂದು ಕಪಾಟಿನಲ್ಲಿ ಜೋಪಾನ ಮಾಡದವರು ಅದರ ಮೇಲಿನ ಹಕ್ಕನ್ನು ಮಾತ್ರ ಜೋಪಾನವಾಗಿ ಕಾಯುತ್ತಾರೆ.

ಒಳ್ಳೆಯ ಉದಾಹರಣೆಗಳಿಲ್ಲ ಎಂದಲ್ಲ. ‘ಪ್ರಿನ್ಸ್ ಆಫ್ ಪರ್ಷಿಯಾ’ ಬರೆದ ಜೋರ್ಡನ್ ಮೆಕ್‌ನರ್ ಅವರ 1989ರ ಮೂಲ ಕೋಡು ಕಳೆದೇಹೋಗಿತ್ತು. ಅವರ ತಂದೆ ಮನೆಯಲ್ಲಿ ಫ್ಲಾಪಿಗಳ ಒಂದು ಡಬ್ಬಿ ಕಂಡು ಕಳುಹಿಸಿದರು. 2012ರ ಏಪ್ರಿಲಿನಲ್ಲಿ ಅದನ್ನು ಓದಿಸಿ, ಯಾರು ಬೇಕಾದರೂ ನೋಡುವಂತೆ ಅಂತರ್ಜಾಲದಲ್ಲಿ ಇಟ್ಟರು. ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಮೇಷ್ಟ್ರ ಕಣ್ಣು ತಪ್ಪಿಸಿ ಈ ರಾಜಕುಮಾರನನ್ನು ಮುಳ್ಳಿನ ಮೇಲೆ ಬೀಳಿಸಿದ ನಮ್ಮ ತಲೆಮಾರಿನ ಪಾಲಿಗೆ ಇದಕ್ಕಿಂತ ದೊಡ್ಡ ಮರುಬಿಡುಗಡೆ ಇಲ್ಲ. 2022ರ ‘ಅಟಾರಿ 50’ ಇನ್ನೊಂದು ಮಾದರಿ. ಆಟಗಳ ನಡುನಡುವೆ ಅವನ್ನು ಮಾಡಿದವರ ಸಂದರ್ಶನ, ಹಳೆಯ ಕಾಗದಪತ್ರಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದ್ದಾರೆ. ಬರೀ ನೆನಪು ಕೆದಕಿ ದುಡ್ಡು ಎಣಿಸುವವರು ಇದನ್ನು ನೋಡಿ ಕಲಿಯಬೇಕು.

ನಮ್ಮ ದೇಶಕ್ಕೆ ನಿಜವಾಗಿ ಬೇಕಾಗಿದ್ದ ಮರುಬಿಡುಗಡೆಯನ್ನಂತೂ ಯಾರೂ ಮಾಡಲಿಲ್ಲ. ಇಎ ಸ್ಪೋರ್ಟ್ಸ್‌ನ ‘ಕ್ರಿಕೆಟ್ 07’ 2006ರಲ್ಲಿ ಪಿಸಿಗೂ ಪಿಎಸ್2ಗೂ ಬಂತು. ಅಲ್ಲಿಗೆ ಕಂಪನಿ ಕ್ರಿಕೆಟ್ ಸರಣಿಯನ್ನೇ ಕೈಬಿಟ್ಟಿತು. ಇಂಗ್ಲೆಂಡ್, ಆಸ್ಟ್ರೇಲಿಯಾಗಳ ಆಟಗಾರರ ಹೆಸರಿಗೆ ಇದ್ದ ಪರವಾನಗಿ ಭಾರತದ ಆಟಗಾರರ ಹೆಸರಿಗೆ ಇರಲಿಲ್ಲ. ಅಂಥ ಆಟವನ್ನು ಅಭಿಮಾನಿಗಳು ವರ್ಷವರ್ಷ ರಿಪೇರಿ ಮಾಡಿದರು: ಹೆಸರು ತಿದ್ದಿದರು, ಜರ್ಸಿ ಬದಲಿಸಿದರು, ಆಗ ಹುಟ್ಟಿಯೇ ಇರದ ಐಪಿಎಲ್ಲನ್ನು ತಂದು ಸೇರಿಸಿದರು. 2015ರಲ್ಲಿ ತೀರಿಕೊಂಡ ರಿಚಿ ಬೆನೊ ಅವರ ದನಿ ಇವತ್ತಿಗೂ ಯಾವುದೋ ಹಳೆಯ ಪಿಸಿಯಲ್ಲಿ ಬೆಂಗಳೂರು ತಂಡದ ಪಂದ್ಯಕ್ಕೆ ಕಾಮೆಂಟರಿ ಹೇಳುತ್ತಿರುತ್ತದೆ. ಪರವಾನಗಿಗಳ ಗೋಜಲಿನಿಂದಾಗಿ ಇದನ್ನು ಕಂಪನಿ ಮುಂದೆಯೂ ತರಲಾರದು.

ಶಹಾಪುರ, ಸುರಪುರದ ಬಸ್‌ಸ್ಟ್ಯಾಂಡಿನ ಆಸುಪಾಸಿನ ಮೊಬೈಲ್ ಅಂಗಡಿಗಳು ಕಂಪನಿ ಮಾಡದ ಇಂಥ ಮರುಬಿಡುಗಡೆಯ ಮುಂದಿನ ಕೊಂಡಿ. ಇಂಟರ್ನೆಟ್ ಅಗ್ಗವಾಗುವ ಮೊದಲು ಹಾಡು, ಸಿನಿಮಾ, ಆಟ ಎಲ್ಲವೂ ಮೆಮೊರಿ ಕಾರ್ಡಿಗೆ ಬೀಳುತ್ತಿದ್ದದ್ದು ಇಲ್ಲಿ. “ಅಣ್ಣಾ, ಗೇಮ್ ಹಾಕಿಕೊಡ್ರಿ” ಎಂದರೆ “ಯಾವ್ದು ಬೇಕೋ ತಮ್ಮಾ, ಮಾರಿಯೊ ಇರ್ಲೇನು?” ಎಂಬ ಪ್ರಶ್ನೆ ಬರುತ್ತಿತ್ತು. ಸಣ್ಣ ಫೋನಿನೊಳಗೆ ಒಂದು ಎಮ್ಯುಲೇಟರು, ಜೊತೆಗೆ ನೂರು ಆಟ. ಈಗ ಸಾಧಾರಣ ಆ್ಯಂಡ್ರಾಯ್ಡ್ ಫೋನಿನಲ್ಲಿ ಪಿಎಸ್2 ಆಟಗಳೂ ಓಡುತ್ತವೆ. ಹೀಗೆ ಆಟಗಳನ್ನು ನಕಲು ಮಾಡಿ ಹಾಕಿಕೊಡುವುದು ಕಾನೂನಿನ ಪ್ರಕಾರ ತಪ್ಪು. ತಪ್ಪಲ್ಲ ಎಂದು ನಾನು ವಾದಿಸುವುದಿಲ್ಲ. ಆದರೆ 2011ರ ಜನಗಣತಿಯಲ್ಲಿ ಶೇ 51.83ರಷ್ಟು ಸಾಕ್ಷರತೆಯೊಂದಿಗೆ ರಾಜ್ಯದ ಕೊನೆಯ ಸ್ಥಾನದಲ್ಲಿದ್ದ ಯಾದಗಿರಿ ಜಿಲ್ಲೆಗೆ, ದುಡಿಯಲು ಬೆಂಗಳೂರು, ಪುಣೆಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ, ಡಾಲರಿನ ಚಂದಾ ಕಟ್ಟಿ ಆಡಿ ಎಂದು ಹೇಳುವ ಮುಖ ಯಾರಿಗಿದೆ? ಮಾರಲು ಬಾರದ ಕಂಪನಿಗೆ ನಷ್ಟವಾಯಿತು ಎಂಬ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ.

ಹಾಗಾದರೆ ಗ್ರಂಥಾಲಯಗಳಾದರೂ ಉಳಿಸಲಿ ಎನ್ನೋಣವೆಂದರೆ ಕಾನೂನಿನಲ್ಲಿ ಒಂದು ವಿಚಿತ್ರವಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ಸಂರಕ್ಷಣೆಗಾಗಿ ಒಂದು ಕೃತಿಯನ್ನು ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಷರತ್ತು ಏನೆಂದರೆ, ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಅದರ ಬಳಿ ಇರಬೇಕು. ಪುಸ್ತಕಕ್ಕೆ ಸರಿ. ಹುಟ್ಟುತ್ತಲೇ ಡಿಜಿಟಲ್ ಆದ ಆಟಕ್ಕೆ ಆ ಪ್ರತಿ ಎಲ್ಲಿಂದ ತರುವುದು?

ಇದೆಲ್ಲ ಜಪಾನ್, ಅಮೆರಿಕದವರ ತಲೆನೋವು ಎನ್ನುವವರಿಗೆ ಹತ್ತಿರದ ಎರಡು ಸಂಗತಿ. ಭಾರತದ ಮೊದಲ ಗೇಮ್ ಸ್ಟುಡಿಯೊ ಎನಿಸಿದ ‘ಧ್ರುವ ಇಂಟರಾಕ್ಟಿವ್’ ಬೆಂಗಳೂರಿನಲ್ಲಿ 1997ರಲ್ಲಿ ಹುಟ್ಟಿತು. ಅದಕ್ಕೆ ಸಿಕ್ಕ ಮೊದಲ ದೊಡ್ಡ ವಿದೇಶಿ ಕೆಲಸವೇ ‘ಮಿಷನ್ ಇಂಪಾಸಿಬಲ್’ ಆಟವನ್ನು ಪಿಸಿಗೆ ಒಗ್ಗಿಸುವುದು, ಅಂದರೆ ಒಂದು ಯಂತ್ರದ ಆಟವನ್ನು ಇನ್ನೊಂದಕ್ಕೆ ಸಾಗಿಸುವುದು. ಅದೇ ಧ್ರುವವನ್ನು 2019ರಲ್ಲಿ ಜಿಟಿಎ ಮಾಡುವ ರಾಕ್‌ಸ್ಟಾರ್ ಕೊಂಡುಕೊಂಡಿತು. ಎರಡನೆಯದು ನಮಗೆ ಇನ್ನೂ ಹತ್ತಿರ. 2009ರಲ್ಲಿ ಸೋನಿ ಪಿಎಸ್2ಗಾಗಿ ಹೈದರಾಬಾದಿನಲ್ಲಿ ಎರಡು ಆಟ ಮಾಡಿಸಿತು: ಅರೋನಾ ಟೆಕ್ನಾಲಜೀಸ್ ಮಾಡಿದ ‘ಹನುಮಾನ್: ಬಾಯ್ ವಾರಿಯರ್’, ಗೇಮ್‌ಶಾಸ್ತ್ರ ಮಾಡಿದ ‘ದೇಸಿ ಅಡ್ಡಾ’. ಎರಡನೆಯದರಲ್ಲಿ ಕಬಡ್ಡಿ, ಗಾಳಿಪಟ, ಚಿನ್ನಿದಾಂಡು. ಆಟಗಳಾಗಿ ಅವು ಅಷ್ಟಕ್ಕಷ್ಟೆ. ವಿಮರ್ಶಕರು ಹನುಮಂತನನ್ನು ಚೆನ್ನಾಗಿಯೇ ಜಾಡಿಸಿದರು. ಆದರೆ ಭಾರತದಲ್ಲಿ, ಭಾರತದವರು, ಭಾರತದ ಆಟಗಾರರಿಗಾಗಿ ಒಂದು ಕನ್ಸೋಲಿಗೆ ಮಾಡಿದ ಮೊದಲ ಆಟಗಳ ಸಾಲಿನಲ್ಲಿ ಅವು ನಿಲ್ಲುತ್ತವೆ. ಪಿಎಸ್4, ಪಿಎಸ್5 ಅಂಗಡಿಗಳಲ್ಲಿ ಅವುಗಳ ಸುಳಿವಿಲ್ಲ. ಮಾರಿಯೊ ಹತ್ತು ಸಲ ಮರಳಿ ಬಂದ, ಚಿನ್ನಿದಾಂಡು ಒಮ್ಮೆಯೂ ಬರಲಿಲ್ಲ.

ದೇಶದಲ್ಲೇ ಮೊದಲು ಅನಿಮೇಷನ್ ಮತ್ತು ಗೇಮಿಂಗ್‌ಗೆ ನೀತಿಯೊಂದನ್ನು 2012ರಲ್ಲಿ ತಂದದ್ದು ಕರ್ನಾಟಕ. 2024ರಿಂದ 2029ರ ಅವಧಿಗೆ ಹೊಸ ನೀತಿ ಜಾರಿಯಲ್ಲಿದೆ, ಅದರ ಒತ್ತು ಹೊಸ ಆಟ, ಹೊಸ ಉದ್ಯೋಗದ ಮೇಲೆ. ಅದರ ಹಣದಲ್ಲಿ ಒಂದು ಚೂರನ್ನು ಹಳೆಯ ಆಟಗಳ ಸಂಗ್ರಹಕ್ಕೆ ಎತ್ತಿಡುವುದು ಕಷ್ಟದ ಕೆಲಸವಲ್ಲ. ಕಲಬುರಗಿಯ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಒಂದು ಕೋಣೆ, ಒಂದೆರಡು ಡೂಮ್ ಟಿವಿ, ಕೆಲಸ ಮಾಡುವ ಯಂತ್ರಗಳು, ಅವನ್ನು ರಿಪೇರಿ ಮಾಡಬಲ್ಲ ಒಬ್ಬ ಮನುಷ್ಯ ಇದ್ದರೆ ಶುರುವಾಗುತ್ತದೆ. ಸರ್ಕಾರ ಮಾಡುವವರೆಗೆ ಓದುಗರಲ್ಲಿ ಒಂದು ಕೋರಿಕೆ. ಅಟ್ಟದ ಮೇಲೆ ಹಳೆಯ ಟಿವಿ ಗೇಮಿನ ಡಬ್ಬಿ, ‘9999 ಇನ್ 1’ ಕ್ಯಾಸೆಟ್ಟು, ಪಿಎಸ್2 ಡಿಸ್ಕುಗಳು ಇದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಅದರಲ್ಲೂ ‘ದೇಸಿ ಅಡ್ಡಾ’ ಅಥವಾ ‘ಹನುಮಾನ್’ ಸಿಕ್ಕರೆ ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲು ತಾಗದ ಕಡೆ ಇಡಿ. ಅವನ್ನು ಕಂಪನಿ ಮತ್ತೆ ಮಾರುವುದಿಲ್ಲ.